ನಾಳೆಯಿಂದ ಓದ್ತೀನಿ

ಪರೀಕ್ಷೆಗೆ ಒಂದು ವಾರ ಇರುವಾಗ ಯಾವ ಊರಿನ ಕಾಲೇಜು ರಸ್ತೆಗೆ ಹೋದರೂ ಜೆರಾಕ್ಸ್ ಅಂಗಡಿಯ ಮುಂದೆ ಗುಂಪು ಕಾಣುತ್ತದೆ. ತಿಂಗಳುಗಟ್ಟಲೆ ತರಗತಿಯಲ್ಲಿ ನಡೆದ ಪಾಠ ಅಲ್ಲಿ ಸ್ಪೈರಲ್ ಬೈಂಡಿಂಗ್ ಆಗಿ ಕೈಗೆ ಸಿಗುತ್ತದೆ: ಸೀನಿಯರ್ ಒಬ್ಬಳ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ‘ಪಾಸಿಂಗ್ ಪ್ಯಾಕೇಜ್’ ಎಂದು ಹೆಸರಾದ ತೆಳ್ಳನೆಯ ಪುಸ್ತಕ. ಅದೇ ವಾರ ಹಾಸ್ಟೆಲಿನಲ್ಲಿ ಲ್ಯಾಬ್ ರೆಕಾರ್ಡ್ ಬರೆಯುವುದು ರಾತ್ರಿ ಎರಡರವರೆಗೂ ನಡೆದಿರುತ್ತದೆ. ಒಬ್ಬನ ರೆಕಾರ್ಡನ್ನು ಮಧ್ಯದಲ್ಲಿ ತೆರೆದಿಟ್ಟುಕೊಂಡು ನಾಲ್ಕು ಜನ ಸುತ್ತ ಕೂತು ಬರೆಯುತ್ತಿರುತ್ತಾರೆ. ಬೆಳಿಗ್ಗೆ ಸಹಿ ಆಗಬೇಕು, ಆಗದಿದ್ದರೆ ಪ್ರಾಕ್ಟಿಕಲ್‌ಗೆ ಕೂರಿಸುವುದಿಲ್ಲ. ಈ ಮಕ್ಕಳನ್ನು ಸೋಮಾರಿಗಳು ಎಂದು ಬಯ್ಯುವವರು ಆ ರಾತ್ರಿ ಅವರನ್ನು ನೋಡಬೇಕು. ಕೂತ ಜಾಗದಿಂದ ಏಳದೆ ಆರು ತಾಸು ಬರೆಯಬಲ್ಲವರಿಗೆ ದುಡಿಯುವ ಶಕ್ತಿ ಇಲ್ಲ ಎನ್ನುವುದು ಹೇಗೆ? ಆದರೆ ಅದೇ ಆರು ತಾಸು ಒಂದು ತಿಂಗಳ ಹಿಂದೆ ಅವರಿಗೆ ಏಕೆ ಒದಗಲಿಲ್ಲ?

ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ನಾಲ್ಕು ದಶಕಗಳಿಂದ ಕೆದಕುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಪದವಿ ಕಾಲೇಜುಗಳ ಪಕ್ಕದಲ್ಲಿಟ್ಟು ನೋಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ನಮ್ಮಲ್ಲಿ ಈ ವಿಷಯ ಬಂದರೆ ಮಾತು ಎರಡೇ ದಾರಿ ಹಿಡಿಯುತ್ತದೆ. ಒಂದು, ಸ್ವಾಗತ ಸಮಾರಂಭದ ಅತಿಥಿ ಭಾಷಣದಲ್ಲಿ ಬರುವ ಸಂಕಲ್ಪಬಲದ ಉಪದೇಶ. ಇನ್ನೊಂದು, ಗೋಡೆಗೆ ಅಂಟಿಸುವ ಟೈಮ್‌ಟೇಬಲ್. ಎರಡೂ ಬಹುಮಟ್ಟಿಗೆ ಸೋಲುವುದನ್ನು ಪಾಠ ಮಾಡುವ ನಾವೆಲ್ಲ ಕಂಡಿದ್ದೇವೆ. ಸೋಲುವುದಕ್ಕೆ ಕಾರಣವೂ ಇದೆ. ಕಾಲೇಜು ಹುಡುಗರ ಮುಂದೂಡಿಕೆ ಹುಟ್ಟುವುದು ಗಡಿಯಾರದಿಂದಲ್ಲ, ಕೆಲಸದ ಮುಂದೆ ಕೂತಾಗ ಏಳುವ ಕಸಿವಿಸಿಯಿಂದ. ಆ ಕಸಿವಿಸಿಯನ್ನು ಹುಟ್ಟಿಸುವುದರಲ್ಲಿ ನಮ್ಮ ಕಾಲೇಜುಗಳ ಪಾಲು ಸಣ್ಣದಲ್ಲ.

ತಡವಾದದ್ದೆಲ್ಲ ಮುಂದೂಡಿಕೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬೆಳಿಗ್ಗೆ ಆರೂವರೆ ಬಸ್ಸಿಗೆ ಹಳ್ಳಿಯಿಂದ ಹೊರಟು, ಸಂಜೆ ಮನೆಗೆ ಹೋಗಿ ಅಡುಗೆ, ಪಾತ್ರೆ, ಕೊಟ್ಟಿಗೆಯ ಕೆಲಸ ಮುಗಿಸಿ ಒಂಬತ್ತು ಗಂಟೆಗೆ ಪುಸ್ತಕ ಹಿಡಿಯುವ ಹುಡುಗಿಯ ಅಸೈನ್‌ಮೆಂಟ್ ತಡವಾದರೆ ಅವಳಿಗೆ ಸಮಯವಿರಲಿಲ್ಲ ಎಂದಷ್ಟೇ ಅರ್ಥ. ಭಾನುವಾರ ಕೇಟರಿಂಗ್‌ಗೆ ಹೋಗಿ ಫೀಸು ಹೊಂದಿಸುವ ಹುಡುಗನ ಕಥೆಯೂ ಅದೇ. ಇವರಿಗೆ ಬೇಕಾದದ್ದು ಬಿಡುವು, ಬುದ್ಧಿವಾದವಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ 2007ರಲ್ಲಿ ಅದುವರೆಗಿನ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿದಾಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರು. ಮಾಡಬೇಕೆಂದು ತಾನೇ ನಿಶ್ಚಯಿಸಿದ ಕೆಲಸವನ್ನು, ತಡಮಾಡಿದರೆ ತನಗೇ ಕೇಡು ಎಂದು ಗೊತ್ತಿದ್ದೂ, ಯಾರ ಒತ್ತಾಯವೂ ಇಲ್ಲದೆ ಮುಂದಕ್ಕೆ ತಳ್ಳಿದರೆ ಮಾತ್ರ ಅದು ಮುಂದೂಡಿಕೆ. ಗೊತ್ತಿದ್ದೂ ಎನ್ನುವುದೇ ಇಲ್ಲಿ ಮುಖ್ಯ. ಅದಕ್ಕಾಗಿಯೇ ‘ತಡ ಮಾಡಬೇಡ, ಆಮೇಲೆ ಕಷ್ಟವಾಗುತ್ತದೆ’ ಎಂಬ ಎಚ್ಚರಿಕೆ ನಾಟುವುದಿಲ್ಲ. ಅದು ಅವರಿಗೆ ಹೊಸ ಸುದ್ದಿಯೇ ಅಲ್ಲ.

ಈ ಅಭ್ಯಾಸ ಎಷ್ಟು ವ್ಯಾಪಕ? 1984ರಲ್ಲಿ ಅಮೆರಿಕದ ಲಾರಾ ಸಾಲಮನ್ ಮತ್ತು ಎಸ್ತರ್ ರಾತ್‌ಬ್ಲಮ್ ವಿದ್ಯಾರ್ಥಿಗಳನ್ನು ಕೆಲಸವಾರು ಕೇಳಿದರು. ಟರ್ಮ್ ಪೇಪರ್ ಬರೆಯುವುದನ್ನು ಯಾವಾಗಲೂ ಅಥವಾ ಹೆಚ್ಚೂಕಡಿಮೆ ಯಾವಾಗಲೂ ಮುಂದೂಡುತ್ತೇವೆ ಎಂದವರು ಶೇ. 46. ಪರೀಕ್ಷೆಯ ಓದಿನ ವಿಷಯದಲ್ಲಿ ಹಾಗೆ ಹೇಳಿದವರು ಸುಮಾರು ಶೇ. 28, ವಾರದ ಓದಿನ ವಿಷಯದಲ್ಲಿ ಶೇ. 30. ಸ್ಟೀಲ್ ಅವರ ಸಮೀಕ್ಷೆಯ ಪ್ರಕಾರ ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ. 80ರಿಂದ 95ರಷ್ಟು ಮಂದಿ ಒಂದಲ್ಲ ಒಂದು ಮಟ್ಟಿಗೆ ಮುಂದೂಡುವವರೇ, ಸುಮಾರು ಅರ್ಧದಷ್ಟು ಜನಕ್ಕೆ ಅದು ತೊಂದರೆ ಕೊಡುವಷ್ಟಿರುತ್ತದೆ. ಬೇರೆ ವಯಸ್ಕರಲ್ಲಿ ಈ ಪ್ರಮಾಣ ಶೇ. 15ರಿಂದ 20 ಮಾತ್ರ. ಓದುವುದಕ್ಕಿಂತ ಬರೆಯುವುದೇ ಹೆಚ್ಚು ಮುಂದಕ್ಕೆ ಹೋಗುತ್ತದೆ ಎಂಬ 1984ರ ಅಂಶ ನನ್ನ ಅನುಭವಕ್ಕೂ ಸರಿಹೊಂದುತ್ತದೆ. ಓದುವವನ ಗೊಂದಲ ಅವನೊಳಗೇ ಉಳಿಯುತ್ತದೆ, ಬರೆದರೆ ಅದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಸಾಲಮನ್ ಮತ್ತು ರಾತ್‌ಬ್ಲಮ್ ಕಾರಣಗಳನ್ನು ಕೇಳಿದಾಗಲೂ ಎರಡು ಉತ್ತರಗಳು ಎದ್ದು ಕಂಡವು: ಸೋಲಿನ ಭಯ, ಮತ್ತು ಆ ಕೆಲಸವೇ ಇಷ್ಟವಿಲ್ಲದಿರುವುದು. ಬುದ್ಧಿಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವಷ್ಟು ಕಡಿಮೆ ಎಂಬುದನ್ನು ಸ್ಟೀಲ್ ಆಮೇಲೆ ತೋರಿಸಿದರು. ‘ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವರು ತಡಮಾಡುತ್ತಾರೆ’ ಎಂಬ ಜನಪ್ರಿಯ ನಂಬಿಕೆಗೂ ಅವರ ಲೆಕ್ಕದಲ್ಲಿ ಬಲವಾದ ಆಧಾರ ಸಿಗಲಿಲ್ಲ. ಗಟ್ಟಿಯಾಗಿ ನಿಂತ ಅಂಶಗಳು ಬೇರೆ. ಕೆಲಸ ಬೇಸರದ್ದಾಗಿರುವುದು, ಫಲ ದೂರದಲ್ಲಿರುವುದು, ತನ್ನಿಂದ ಆಗುತ್ತದೆ ಎಂಬ ನಂಬಿಕೆ ಇಲ್ಲದಿರುವುದು, ಎದುರಿಗೆ ಬಂದ ಆಸೆಗೆ ಮನಸ್ಸು ಕೂಡಲೇ ಹರಿಯುವುದು. ನಮ್ಮ ಸೆಮಿಸ್ಟರ್ ಕೋರ್ಸೊಂದನ್ನು ತೆಗೆದುಕೊಂಡು ಈ ನಾಲ್ಕನ್ನೂ ಹುಡುಕಿ ನೋಡಿ, ಒಂದೂ ತಪ್ಪದೆ ಸಿಗುತ್ತವೆ. ನಾಲ್ಕನೆಯದು ಜೇಬಿನಲ್ಲಿ ಮೊಬೈಲ್ ಆಗಿ ಕೂತಿದೆ.

ಅರ್ಥಶಾಸ್ತ್ರಜ್ಞರ ಉತ್ತರಕ್ಕೆ ಭಾರತದ ನಂಟಿದೆ. ಜಾರ್ಜ್ ಅಕೆರ್ಲಾಫ್ ಒಮ್ಮೆ ಒಂದು ವರ್ಷ ನಮ್ಮ ದೇಶದಲ್ಲಿದ್ದರು. ಅವರನ್ನು ನೋಡಲು ಬಂದಿದ್ದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್ ಹೊರಡುವಾಗ ವಿಮಾನದಲ್ಲಿ ಒಯ್ಯಲಾಗದ ಬಟ್ಟೆಗಳ ಒಂದು ಪೆಟ್ಟಿಗೆಯನ್ನು ಬಿಟ್ಟುಹೋದರು, ಅಮೆರಿಕಕ್ಕೆ ಕಳಿಸಿಕೊಡಬೇಕಿತ್ತು. ಪಾರ್ಸೆಲ್ ಮಾಡಲು ಇಡೀ ಒಂದು ದಿನ ಹಿಡಿಯುತ್ತದೆ ಎಂದು ಅಕೆರ್ಲಾಫ್‌ಗೆ ಅನ್ನಿಸಿತು. ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿದಿನ ಬೆಳಿಗ್ಗೆ ಎದ್ದು ನಾಳೆ ಕಳಿಸೋಣ ಎಂದುಕೊಂಡರು. ಕೊನೆಗೆ ಇನ್ನೊಬ್ಬ ಗೆಳೆಯರ ಸಾಮಾನಿನ ಜೊತೆಗೆ ಅದು ಹೋಯಿತು. 1991ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರೇ ಇದನ್ನು ಬರೆದಿದ್ದಾರೆ. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಈ ಇಬ್ಬರು ಗೆಳೆಯರೂ ಇದ್ದರು. ಆ ಪ್ರಬಂಧದ ವಾದ ಸರಳ. ಇವತ್ತಿನ ಕಷ್ಟ ಕಣ್ಣಿಗೆ ರಾಚುತ್ತದೆ, ಒಂದು ದಿನ ತಡವಾದರೆ ಆಗುವ ನಷ್ಟ ಮಾತ್ರ ತೀರಾ ಸಣ್ಣದಾಗಿ ಕಾಣುತ್ತದೆ. ಒಂದೊಂದು ದಿನದ ನಿರ್ಧಾರವೂ ಅದರಷ್ಟಕ್ಕೆ ಅಂಥ ತಪ್ಪೆನಿಸುವುದಿಲ್ಲ. ಎಂಟು ತಿಂಗಳು ಸೇರಿದ ಮೇಲೆ ಅದರ ಗಾತ್ರ ಗೊತ್ತಾಗುತ್ತದೆ. ಆಂತರಿಕ ಪರೀಕ್ಷೆಯ ಹಿಂದಿನ ಸಂಜೆ ಮೊದಲ ಬಾರಿಗೆ ಸಿಲಬಸ್ ತೆರೆಯುವ ಹುಡುಗನೂ ಯಾವುದೇ ಒಂದು ದಿನ ದೊಡ್ಡ ತಪ್ಪು ಮಾಡಿರುವುದಿಲ್ಲ.

ಹಾಗಾದರೆ ಇವತ್ತಿನ ಕಷ್ಟ ಅಷ್ಟೊಂದು ರಾಚುವುದೇಕೆ? ಇಲ್ಲಿ ಮನಶ್ಶಾಸ್ತ್ರ ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ಕೆನಡಾದ ತಿಮೊತಿ ಪಿಚಿಲ್ ಮತ್ತು ಫ್ಯೂಷಾ ಸಿರೊಯಿ 2013ರ ಪ್ರಬಂಧದಲ್ಲಿ ಮುಂದೂಡಿಕೆ ಎಂದರೆ ಮನಸ್ಸಿನ ಆ ಹೊತ್ತಿನ ಸಂಕಟಕ್ಕೆ ಮಾಡಿಕೊಳ್ಳುವ ಉಪಶಮನ ಎಂದು ವಾದಿಸಿದರು. ಕೆಲಸ ನೆನಪಾದ ಕೂಡಲೇ ಅಳುಕೋ ಬೇಸರವೋ ಅವಮಾನದ ಭಯವೋ ಬರುತ್ತದೆ. ಪುಸ್ತಕ ಮುಚ್ಚಿದರೆ ಅದು ಹೋಗುತ್ತದೆ, ನಿಜವಾಗಿಯೂ ಹೋಗುತ್ತದೆ. ಆ ನೆಮ್ಮದಿಯೇ ಮುಂದಿನ ಸಲವೂ ಪುಸ್ತಕ ಮುಚ್ಚಲು ಕಲಿಸುತ್ತದೆ. ನೆಮ್ಮದಿ ಸುಳ್ಳಲ್ಲ ಎನ್ನುವುದಕ್ಕೆ ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಒಂದು ತರಗತಿಯನ್ನು ಅವರು ಟರ್ಮ್ ಉದ್ದಕ್ಕೂ ಗಮನಿಸಿದರು. ಟರ್ಮಿನ ಮೊದಲ ಭಾಗದಲ್ಲಿ ಮುಂದೂಡುವವರಿಗೇ ಒತ್ತಡ ಕಡಿಮೆ, ಕಾಯಿಲೆ ಕಸಾಲೆಯೂ ಕಡಿಮೆ. ಕೊನೆಗೆ ಲೆಕ್ಕ ತಿರುಗಿ ಬಿತ್ತು. ಆಗ ಅವರ ಒತ್ತಡ, ಅನಾರೋಗ್ಯ ಎಷ್ಟು ಏರಿತೆಂದರೆ ಒಟ್ಟು ಮೊತ್ತದಲ್ಲಿ ಅವರೇ ಹೆಚ್ಚು ನರಳಿದ್ದರು, ಅಂಕಗಳೂ ಕಡಿಮೆ ಬಂದವು. ಸ್ವೀಡನ್ನಿನ ಎಂಟು ವಿಶ್ವವಿದ್ಯಾಲಯಗಳ 3,525 ವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳು ಹಿಂಬಾಲಿಸಿದ 2023ರ ಅಧ್ಯಯನವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಹೆಚ್ಚು ಮುಂದೂಡುವವರಲ್ಲಿ ಆಮೇಲೆ ಖಿನ್ನತೆ, ಆತಂಕ, ಕೆಟ್ಟ ನಿದ್ರೆ, ಒಂಟಿತನ, ಕೈನೋವು ಕೂಡ ಹೆಚ್ಚಾಗಿದ್ದವು. ವ್ಯತ್ಯಾಸಗಳು ದೊಡ್ಡವಲ್ಲ, ಆದರೆ ಎಲ್ಲವೂ ಒಂದೇ ಕಡೆಗೆ ವಾಲಿವೆ.

ಆ ಅಳುಕು ನಮ್ಮಲ್ಲಿ ಯಾವ ರೂಪದಲ್ಲಿರುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಬಿಕಾಂ ಕೊನೆಯ ವರ್ಷದ ಹುಡುಗಿ. ಪಿಯುಸಿವರೆಗೂ ಕನ್ನಡ ಮಾಧ್ಯಮ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ತನ್ನೂರಿನ ಸ್ತ್ರೀಶಕ್ತಿ ಸಂಘಗಳ ಸಾಲದ ಮೇಲೆ ಪ್ರಾಜೆಕ್ಟ್. ಮೂರು ಸಲ ತಾರೀಖು ದಾಟಿತ್ತು. ಪ್ರತಿಸಲವೂ ‘ಇನ್ನೊಂದು ವಾರ ಟೈಮ್ ಕೊಡಿ ಮೇಡಂ, ಆಲ್ಮೋಸ್ಟ್ ಆಗಿದೆ’ ಎನ್ನುತ್ತಿದ್ದಳು. ಲ್ಯಾಪ್‌ಟಾಪ್ ತೆರೆಸಿ ನೋಡಿದೆ. ಮುಖಪುಟ ಇತ್ತು, ಕಾಲೇಜಿನ ಲಾಂಛನ ಸರಿಯಾದ ಜಾಗದಲ್ಲಿತ್ತು. ಸರ್ಟಿಫಿಕೇಟ್ ಪುಟ, ಡಿಕ್ಲರೇಷನ್, ಅಪ್ಪ ಅಮ್ಮನಿಗೂ ಗೆಳತಿಯರಿಗೂ ಕೃತಜ್ಞತೆ ಹೇಳುವ ಪುಟ, ಪರಿವಿಡಿ ಎಲ್ಲವೂ ಇದ್ದವು. ಮೊದಲ ಅಧ್ಯಾಯದ ಶೀರ್ಷಿಕೆಯ ಕೆಳಗೆ ಇಂಗ್ಲಿಷಿನ ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಆ ಪುಟಗಳ ಅಚ್ಚುಕಟ್ಟು ನೋಡಿದರೆ ಅವಳು ಅದರ ಮುಂದೆ ಎಷ್ಟು ಹೊತ್ತು ಕೂತಿರಬೇಕು ಎಂದು ತಿಳಿಯುತ್ತಿತ್ತು. ಕೆಲಸದಿಂದ ಅವಳು ಓಡಿಹೋಗಿರಲಿಲ್ಲ, ಕೆಲಸದ ಅಂಚಿನಲ್ಲೇ ಸುತ್ತುತ್ತಿದ್ದಳು.

ಸಂಘದವರು ಏನು ಹೇಳಿದರು ಎಂದು ಕೇಳಿದೆ. ಮಾತು ಶುರುವಾದದ್ದೇ ನಿಲ್ಲಲಿಲ್ಲ. ಯಾರು ಹಸು ಕೊಂಡರು, ಯಾರು ಮಗಳ ಮದುವೆಗೆ ಬಳಸಿದರು, ಕಂತು ಕಟ್ಟುವ ವಾರ ಯಾರ ಮನೆಯಲ್ಲಿ ಜಗಳವಾಗುತ್ತದೆ, ಮೈಕ್ರೋಫೈನಾನ್ಸಿನವರು ಬಂದ ಮೇಲೆ ಸಂಘದ ಸಭೆಗೆ ಬರುವವರು ಹೇಗೆ ಕಡಿಮೆಯಾದರು. ಅದು ಒಳ್ಳೆಯ ಎರಡು ಅಧ್ಯಾಯಗಳ ಸಾಮಗ್ರಿ. ಇದನ್ನೇ ಬರೆಯಮ್ಮಾ ಎಂದೆ. ‘ಕನ್ನಡದಲ್ಲಿ ಬರೀಬಹುದಾ ಮೇಡಂ?’ ಎಂದಳು. ಮೊದಲ ಕರಡು ಯಾವ ಭಾಷೆಯಲ್ಲಾದರೂ ಇರಲಿ ಎಂದೆ. ಎರಡು ದಿನದಲ್ಲಿ ಹನ್ನೊಂದು ಪುಟ ಬಂತು.

ಈ ಅಳುಕು ಅವಳೊಬ್ಬಳದಲ್ಲ. ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಮೀಸಲಾತಿ ಕೊಟ್ಟು ಸೇರಿಸಿಕೊಳ್ಳುತ್ತೇವೆ. ಸೇರಿದ ಮರುದಿನದಿಂದ ಪುಸ್ತಕ, ಪ್ರಶ್ನೆ, ಪ್ರಸೆಂಟೇಷನ್ ಎಲ್ಲವೂ ಇಂಗ್ಲಿಷ್. ಅಂಥವರು ಸೆಮಿನಾರ್ ಮುಂದೂಡಿದರೆ ‘ಇಂಟರೆಸ್ಟ್ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ. ತನ್ನಿಂದ ಆಗುತ್ತದೆ ಎಂಬ ನಂಬಿಕೆ ಕುಸಿದಾಗ ಮುಂದೂಡಿಕೆ ಹೆಚ್ಚುತ್ತದೆ ಎಂದು ಸಂಶೋಧನೆ ಹೇಳುವುದು ಈ ಮಕ್ಕಳ ವಿಷಯವನ್ನೇ. ಅದನ್ನು ಸ್ವಭಾವದ ದೋಷ ಎಂದು ಕರೆಯುವುದು ಅನ್ಯಾಯ.

ಇನ್ನು ಅಂದಾಜಿನ ತಪ್ಪು. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಕೆನಡಾದ ಆನರ್ಸ್ ವಿದ್ಯಾರ್ಥಿಗಳನ್ನು ನಿಮ್ಮ ಥೀಸಿಸ್ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದರು. ಸರಾಸರಿ ಅಂದಾಜು 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ಬೇಕಾದೀತು ಎಂದಾಗ 48.6 ದಿನ ಎಂದರು. ಹಿಡಿದದ್ದು 55.5 ದಿನ. ಕೆಡುಕನ್ನೆಲ್ಲ ಊಹಿಸಿಕೊಂಡು ಹಾಕಿದ ಲೆಕ್ಕವೂ ಸಾಲಲಿಲ್ಲ. ಟೈಮ್‌ಟೇಬಲ್ ಮುರಿದುಬೀಳುವುದರ ಹಿಂದೆ ಇದೂ ಇದೆ. ದಿನಕ್ಕೆ ಒಂದು ಮಾಡ್ಯೂಲ್ ಎಂದು ಬರೆದವರಿಗೆ ಮೂರನೆಯ ದಿನ ಮೊದಲ ಮಾಡ್ಯೂಲೇ ಮುಗಿದಿರುವುದಿಲ್ಲ. ಪಟ್ಟಿ ಹಾಳಾಯಿತು ಎಂದ ಮೇಲೆ ಓದೂ ನಿಲ್ಲುತ್ತದೆ, ಮುಂದಿನ ಸೋಮವಾರಕ್ಕೆ ಹೊಸ ಪಟ್ಟಿ.

‘ಟೆನ್ಷನ್ ಇದ್ದರೇ ನನಗೆ ಓದು ತಲೆಗೆ ಹತ್ತೋದು’ ಎನ್ನುವವರಿಗೆ ಏನು ಹೇಳಬೇಕು? ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ಮೂದಲಿಸಿದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಿಕೊಂಡೇ ಮಾತಾಡಬೇಕು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು, ಕೆಲವನ್ನು ಒಂದು ಸಲ ಓದಿಸಿ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು, ಶೇ. 81ಕ್ಕೆ ಶೇ. 75. ವಾರದ ನಂತರ ಕೇಳಿದಾಗ ಎರಡು ಸಲ ಓದಿದ್ದು ಶೇ. 42ಕ್ಕೆ ಇಳಿದಿತ್ತು, ನೆನಪಿನಿಂದ ಬರೆದದ್ದು ಶೇ. 56ರಲ್ಲಿ ನಿಂತಿತ್ತು. ಅಂದರೆ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿದ್ದು ಮರುದಿನಕ್ಕೆ ಒದಗುತ್ತದೆ, ಹುಡುಗರ ಅನುಭವ ಸುಳ್ಳಲ್ಲ. ಮುಂದಿನ ಸೆಮಿಸ್ಟರಿಗೆ ಅದು ಉಳಿಯುವುದಿಲ್ಲ. ಒಂದನೆಯ ಸೆಮಿಸ್ಟರಿನ ಗಣಿತ ಉಳಿಯದವನಿಗೆ ಮೂರನೆಯ ಸೆಮಿಸ್ಟರಿನ ಗಣಿತ ಇನ್ನಷ್ಟು ಭಯಾನಕ, ಹಾಗಾಗಿ ಇನ್ನಷ್ಟು ದೂರ. ಬ್ಯಾಕ್‌ಲಾಗ್ ಬೆಳೆಯುವುದು ಹೀಗೆ.

ನಮ್ಮ ಪರೀಕ್ಷೆಯ ಸ್ವರೂಪವೂ ಇದಕ್ಕೆ ಇಂಬು ಕೊಡುತ್ತದೆ. ವಿಟಿಯು ಥಿಯರಿ ಪತ್ರಿಕೆಯನ್ನೇ ನೋಡಿ. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಹಳೆಯ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡರೆ ಯಾವುದು ಮತ್ತೆ ಬರಬಹುದು, ಯಾವ ಮಾಡ್ಯೂಲ್ ಬಿಟ್ಟರೂ ಪಾಸಾಗಬಹುದು ಎಂಬ ಲೆಕ್ಕ ಸಂಜೆಯೊಳಗೆ ಸಿಗುತ್ತದೆ. ಮೊದಲ ಹತ್ತು ವಾರ ಪುಸ್ತಕ ಮುಟ್ಟದವನಿಗೂ ಪಾಸಿನ ಬಾಗಿಲು ತೆರೆದೇ ಇರುವಾಗ ಅವನು ಬೇಗ ಶುರು ಮಾಡಬೇಕೆನ್ನಲು ನಾವು ಕೊಡುವ ಕಾರಣವೇನು? ಅದರ ಮೇಲೆ ಅಸೈನ್‌ಮೆಂಟಿನ ತಾರೀಖು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಸರ್ ಪ್ಲೀಸ್ ಡೇಟ್ ಎಕ್ಸ್‌ಟೆಂಡ್ ಮಾಡಿ’ ಎಂದು ಹತ್ತು ಜನ ಕೇಳಿದರೆ ತಾರೀಖು ಮುಂದೆ ಹೋಗುತ್ತದೆ. ಸಮಯಕ್ಕೆ ಬರೆದಿಟ್ಟವರು ಮುಂದಿನ ಸಲ ಬರೆದಿಡುವುದಿಲ್ಲ. ತಾರೀಖು ಎಂದರೆ ಚೌಕಾಸಿಗೆ ಬಿಟ್ಟ ವಸ್ತು ಎಂಬ ಪಾಠವನ್ನು ನಾವೇ ಕಲಿಸಿರುತ್ತೇವೆ.

ಪರಿಹಾರಗಳಿಗೆ ಬಂದರೆ ಎಲ್ಲಕ್ಕೂ ಒಂದೇ ತೂಕದ ಆಧಾರವಿಲ್ಲ. ನನ್ನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿಯಾದದ್ದು, ಅತ್ಯಂತ ಅಗ್ಗದ್ದೂ ಹೌದು, ಜರ್ಮನಿಯ ಪೀಟರ್ ಗಾಲ್‌ವಿಟ್ಜರ್ ಅವರದು. ಅವರೂ ವೆರೋನಿಕಾ ಬ್ರಾಂಡ್‌ಸ್ಟೆಟರ್ ಅವರೂ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು: ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರಿ ಎಂದು 48 ಗಂಟೆಯೊಳಗೆ ಬರೆದು ಕಳಿಸಬೇಕು. ಹಬ್ಬದ ನಡುವೆ ಯಾರಿಗೆ ಬೇಕು ಈ ಕೆಲಸ? ಅರ್ಧ ಜನರಿಗೆ ಮಾತ್ರ ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಲು ಹೇಳಿದ್ದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಂದಿ ಬರೆದರು, ಉಳಿದವರಲ್ಲಿ ಮೂರರಲ್ಲೊಂದು ಪಾಲು. 2006ರ ಹೊತ್ತಿಗೆ ಇಂಥ 94 ಅಧ್ಯಯನಗಳನ್ನು ಕೂಡಿಸಿ ನೋಡಿದಾಗಲೂ ಪರಿಣಾಮ ಗಣನೀಯವಾಗಿಯೇ ಇತ್ತು. ‘ನಾಳೆಯಿಂದ ಓದ್ತೀನಿ’ ಎನ್ನುವುದಕ್ಕೂ ‘ನಾಳೆ ಮೂರನೇ ಪೀರಿಯಡ್ ಬಿಡುವಲ್ಲಿ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಕಾಸ್ಟಿಂಗ್‌ನ ಎರಡನೇ ಲೆಕ್ಕ ಬಿಡಿಸ್ತೀನಿ’ ಎನ್ನುವುದಕ್ಕೂ ಇರುವ ಅಂತರ ಇಷ್ಟೇ. ಎರಡನೆಯದರಲ್ಲಿ ಆ ಹೊತ್ತಿಗೆ ಮನಸ್ಸಿನ ಜೊತೆ ಹೊಸದಾಗಿ ವಾದ ಹೂಡಬೇಕಾಗಿಲ್ಲ.

ಗಮನಿಸಿ, ಆ ವಾಕ್ಯದಲ್ಲಿ ಕೆಲಸವೂ ಸಣ್ಣದಾಗಿದೆ. ಕಾಸ್ಟಿಂಗ್ ಓದುವುದು ಎಂದರೆ ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗುವುದಿಲ್ಲ, ಎರಡನೇ ಲೆಕ್ಕಕ್ಕೆ ಒಂದು ಆರಂಭವಿದೆ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿಕೊಂಡ, ಈಗ ಎಲ್ಲ ಕಡೆ ಹರಡಿರುವ 25 ನಿಮಿಷದ ಪದ್ಧತಿಯ ಒಳಗುಟ್ಟೂ ಇದೇ ಎಂದು ನನ್ನ ನಂಬಿಕೆ. 25 ಎಂಬ ಅಂಕಿಗೆ ಮಹತ್ವವಿಲ್ಲ. ಕಸಿವಿಸಿಯನ್ನು ಎಷ್ಟು ಹೊತ್ತು ಸಹಿಸಬೇಕೆಂದು ಮೊದಲೇ ಗೊತ್ತಿದ್ದರೆ ಸಹಿಸುವುದು ಸುಲಭ. ಫೋನನ್ನು ಆ ಹೊತ್ತು ಇನ್ನೊಂದು ಕೋಣೆಯಲ್ಲಿ ಇಡುವುದು ಇದರ ಜೊತೆಗೇ ಬರಬೇಕು. ಹಾಸ್ಟೆಲಿನಲ್ಲಿ ಇನ್ನೊಂದು ಕೋಣೆ ಇಲ್ಲ ಎನ್ನುವವರು ರೂಮ್‌ಮೇಟ್ ಕೈಗೆ ಕೊಡುವುದನ್ನು ನೋಡಿದ್ದೇನೆ, ನಡೆಯುತ್ತದೆ.

ತಾರೀಖುಗಳ ವಿಷಯ ಇಷ್ಟು ಸಲೀಸಲ್ಲ. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ 2002ರಲ್ಲಿ ಎಂಐಟಿಯ ತರಗತಿಗಳಲ್ಲಿ ಮಾಡಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಒಂದು ತರಗತಿಗೆ ಮೂರು ಪ್ರಬಂಧಗಳಿಗೂ ಸಮ ಅಂತರದ ತಾರೀಖುಗಳನ್ನು ಗೊತ್ತುಮಾಡಿದರು. ಇನ್ನೊಂದಕ್ಕೆ ನಿಮ್ಮ ತಾರೀಖು ನೀವೇ ಹಾಕಿಕೊಳ್ಳಿ, ಹಾಕಿಕೊಂಡ ಮೇಲೆ ತಡವಾದರೆ ಅಂಕ ಕಳೆಯುತ್ತೇವೆ ಎಂದರು. ಕೊನೆಯ ದಿನವನ್ನೇ ಹಾಕಿಕೊಂಡರೆ ನಷ್ಟವೇನೂ ಇರಲಿಲ್ಲ, ಆದರೂ ಹೆಚ್ಚಿನವರು ತಮಗೆ ತಾವೇ ಮುಂಚಿನ ತಾರೀಖುಗಳನ್ನು ಹಾಕಿಕೊಂಡರು. ತಮ್ಮ ದೌರ್ಬಲ್ಯ ಅವರಿಗೆ ಗೊತ್ತಿತ್ತು. ಅಷ್ಟಾದರೂ ಮೇಷ್ಟರು ಸಮ ಅಂತರದಲ್ಲಿ ಹಾಕಿದ ತಾರೀಖಿನವರೇ ಮೇಲಾದರು. ಆಮೇಲೆ ಆಲ್ಬರ್ಟೊ ಬಿಸಿನ್ ಮತ್ತು ಕೈಲ್ ಹಿಂಡ್‌ಮನ್ ನಡೆಸಿದ ಪ್ರಯೋಗದಲ್ಲಿಯೂ ವಿದ್ಯಾರ್ಥಿಗಳು ತಾರೀಖು ಬೇಕೆಂದು ಬಯಸಿದರು, ಆದರೆ ತಾವೇ ಹಾಕಿಕೊಂಡ ತಾರೀಖಿನಿಂದ ಕೆಲಸ ಮುಗಿಸುವವರ ಸಂಖ್ಯೆ ಹೆಚ್ಚಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತಿಳಿಯುವುದು ಇಷ್ಟು: ಒಬ್ಬರೇ ಕೂತು ಡೈರಿಯಲ್ಲಿ ಬರೆದುಕೊಂಡ ಗಡುವಿಗೆ ಬಲ ಕಡಿಮೆ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದಾಗ ಬಲ ಬರುತ್ತದೆ.

ಸ್ವೀಡನ್ನಿನಲ್ಲಿ ಅಲೆಕ್ಸಾಂಡರ್ ರೊಜೆಂತಾಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ತೀವ್ರವಾಗಿ ಮುಂದೂಡುವ 92 ವಿದ್ಯಾರ್ಥಿಗಳಿಗೆ ಎಂಟು ವಾರ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಅಂದರೆ ಸಿಬಿಟಿ, ಕೊಟ್ಟರು. ಅರ್ಧ ಜನ ಇಂಟರ್‌ನೆಟ್‌ನಲ್ಲಿ ತಾವೇ ಮಾಡಿದರು, ಇನ್ನರ್ಧ ಗುಂಪಿನಲ್ಲಿ ಕೂತು. ಮುಗಿದಾಗ ಎರಡೂ ಕಡೆಯವರು ಸುಧಾರಿಸಿದ್ದರು. ತಿಂಗಳುಗಳ ಮೇಲೆ ನೋಡಿದಾಗ ಗುಂಪಿನವರು ಗಳಿಸಿದ್ದನ್ನು ಉಳಿಸಿಕೊಂಡಿದ್ದರು, ಒಬ್ಬಂಟಿಗರಲ್ಲಿ ಸ್ವಲ್ಪ ಜಾರಿಕೆ ಕಂಡಿತು. ಅದೇ ವರ್ಷ ಬಂದ 24 ಅಧ್ಯಯನಗಳ ಒಟ್ಟು ಸಮೀಕ್ಷೆಯೂ ಪ್ರಯತ್ನಿಸಿದ ಎಲ್ಲ ವಿಧಾನಗಳಲ್ಲಿ ಸಿಬಿಟಿಯೇ ಹೆಚ್ಚು ಕೆಲಸ ಮಾಡಿದೆ ಎಂದಿತು. ಚಿಕಿತ್ಸಕರು ಪ್ರತಿ ಕಾಲೇಜಿಗೆ ಸಿಗಲಿಕ್ಕಿಲ್ಲ. ಒಟ್ಟಿಗೆ ಕೂರುವುದು ಸಿಗುತ್ತದೆ. ಮೂರು ಜನ ಖಾಲಿ ತರಗತಿಯಲ್ಲಿ ಸಂಜೆ ಒಂದು ತಾಸು ತಮ್ಮ ತಮ್ಮ ಕೆಲಸ ಹಿಡಿದು ಕೂತು, ಎದ್ದು ಹೋಗುವಾಗ ಎಷ್ಟಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಸಾಕು.

ಹೆಚ್ಚು ಜನ ನಂಬದ ಪರಿಹಾರ ಒಂದಿದೆ, ಅದನ್ನು ನಾನು ಬಹಳ ಮುಖ್ಯ ಎಂದುಕೊಂಡಿದ್ದೇನೆ. 2010ರಲ್ಲಿ ಮೈಕೆಲ್ ವೋಲ್, ಪಿಚಿಲ್ ಮತ್ತು ಶಾನನ್ ಬೆನೆಟ್ ಒಟ್ಟಾವಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಉದ್ದಕ್ಕೂ ಗಮನಿಸಿದರು. ಮೊದಲ ಪರೀಕ್ಷೆಗೆ ಓದದೆ ತಡಮಾಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ತಮ್ಮನ್ನು ಹಳಿದುಕೊಳ್ಳುತ್ತ ಕೂತವರಲ್ಲಿ ಆ ಬದಲಾವಣೆ ಇಲ್ಲ. ಕಸಿವಿಸಿಯಿಂದ ತಪ್ಪಿಸಿಕೊಳ್ಳಲು ಮುಂದೂಡುತ್ತಾರೆ ಎಂಬುದನ್ನು ಒಪ್ಪಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಪರಾಧಿಭಾವ ಆ ವಿಷಯಕ್ಕೆ ಇನ್ನೊಂದು ಪದರ ಕಸಿವಿಸಿ ಬಳಿಯುತ್ತದೆ, ಪುಸ್ತಕ ನೋಡಿದರೇ ಮುಖ ತಿರುಗುತ್ತದೆ. ಹಾಗಿರುವಾಗ ತಡವಾಗಿ ಬಂದ ಹುಡುಗನನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನರೆದುರು ನಿಲ್ಲಿಸಿ ಬಯ್ಯುವ, ಮನೆಗೆ ಫೋನ್ ಮಾಡಿ ಅಪ್ಪನಿಂದಲೂ ಬಯ್ಯಿಸುವ ನಮ್ಮ ಪದ್ಧತಿ ಏನನ್ನು ಸಾಧಿಸುತ್ತದೆ? ಅವನು ಮುಂದಿನ ವಾರ ಕಾಲೇಜಿಗೇ ಬರುವುದಿಲ್ಲ.

ಬರದೆ ಹೋದವರಲ್ಲಿ ಕೆಲವರ ತೊಂದರೆ ಮುಂದೂಡಿಕೆಗಿಂತ ಆಳದ್ದು. ಇಷ್ಟಪಟ್ಟು ಮಾಡುತ್ತಿದ್ದ ಆಟ, ಗೆಳೆತನ ಕೂಡ ಬೇಡವಾಗಿದ್ದರೆ, ನಿದ್ರೆ ಊಟ ತಪ್ಪಿದ್ದರೆ ಅದು ಖಿನ್ನತೆಯಾಗಿರಬಹುದು. ಚಿಕ್ಕಂದಿನಿಂದಲೂ ಒಂದು ಕಡೆ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಇರಬಹುದು. ಇದಕ್ಕೆ ವೈದ್ಯರನ್ನೇ ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತಾಡುತ್ತಾರೆ. ಈ ಸಂಖ್ಯೆ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇರಬೇಕು.

ಕಾಲೇಜುಗಳು ಮಾಡಬೇಕಾದದ್ದಕ್ಕೆ ಹಣವೂ ಬೇಡ, ಹೊಸ ಸಮಿತಿಯೂ ಬೇಡ. ಪ್ರಾಜೆಕ್ಟ್ ವರದಿಗೆ ಒಂದೇ ಕೊನೆಯ ತಾರೀಖು ಇಡುವ ಬದಲು ನಾಲ್ಕು ಇಡಬಹುದು: ಮೂರನೇ ವಾರ ಒಂದು ಪುಟ, ಆರನೇ ವಾರ ಐದು ಪುಟ, ಹೀಗೆ. ಇಟ್ಟ ಮೇಲೆ ಆ ತಾರೀಖುಗಳು ಕದಲಬಾರದು. ಕಾಯಿಲೆ, ಸಾವು, ಮನೆಯ ಕಷ್ಟಕ್ಕೆ ರಿಯಾಯಿತಿ ಬೇಕು, ಅದನ್ನು ಒಬ್ಬೊಬ್ಬರ ಜೊತೆ ಮಾತಾಡಿ ಕೊಡಬೇಕು, ಗುಂಪಿನ ಕೂಗಿಗಲ್ಲ. ಮೊದಲ ಪುಟಕ್ಕೆ ಅಂಕ ಕೊಡುವಾಗ ಅದು ಬಂದಿದೆಯೇ ಎಂದಷ್ಟೇ ನೋಡಬೇಕು, ಚೆನ್ನಾಗಿದೆಯೇ ಎಂದು ನೋಡಬಾರದು. ಕೆಟ್ಟ ಕರಡು ತೋರಿಸಿದರೆ ಅವಮಾನವಿಲ್ಲ ಎಂದು ಮಕ್ಕಳಿಗೆ ಗೊತ್ತಾಗುವುದು ಅಲ್ಲಿಂದಲೇ. ಅರವತ್ತು ಜನರ ತರಗತಿಯಲ್ಲಿ ಇದು ಆಗುವ ಮಾತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಅದರಲ್ಲೂ ಅತಿಥಿ ಉಪನ್ಯಾಸಕರ ಮೇಲೆಯೇ ವಿಭಾಗಗಳು ನಡೆಯುತ್ತಿರುವಾಗ. ಆದರೆ ಅರವತ್ತು ಒಂಟಿ ಪುಟಗಳ ಮೇಲೆ ಕಣ್ಣಾಡಿಸಲು ಬೇಕಾಗುವ ಹೊತ್ತು, ಕೊನೆಯಲ್ಲಿ ಒಂದರಿಂದೊಂದು ನಕಲಾದ ಅರವತ್ತು ದಪ್ಪ ವರದಿಗಳನ್ನು ತಿರುವಿಹಾಕುವ ಹೊತ್ತಿಗಿಂತ ಹೆಚ್ಚೇನಲ್ಲ.

ಕರಡು ಕನ್ನಡದಲ್ಲಿರಲು ಯಾವ ಅಡ್ಡಿಯೂ ಇಲ್ಲ. ಕೋರ್ಸು ಇಂಗ್ಲಿಷ್ ಮಾಧ್ಯಮದ್ದಾದರೂ ಪರೀಕ್ಷೆಯನ್ನೇ ಸ್ಥಳೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿದೆ. ಪರೀಕ್ಷೆಗೇ ಆಗಬಹುದಾದದ್ದು ಮೂರನೇ ವಾರದ ಒಂದು ಪುಟಕ್ಕೆ ಏಕೆ ಆಗಬಾರದು? ಇಂಗ್ಲಿಷಿಗೆ ತರುವ ಕೆಲಸಕ್ಕೆ ಇನ್ನೂ ಹತ್ತು ವಾರ ಇರುತ್ತದೆ, ಅದಕ್ಕೆ ಇಂಗ್ಲಿಷ್ ವಿಭಾಗದವರ ನೆರವು ಕೇಳಬಹುದು. ಬರುವ ಸೆಮಿಸ್ಟರಿನ ಕೋರ್ಸ್ ಪ್ಲಾನ್ ಬರೆಯುವಾಗಲೇ ಈ ನಾಲ್ಕು ತಾರೀಖುಗಳನ್ನು ಸೇರಿಸಿ, ಮೊದಲ ದಿನದ ತರಗತಿಯಲ್ಲೇ ಓದಿ ಹೇಳಬಹುದು.